ಶಿಸ್ತೊಂದೇ ಔಷಧವಲ್ಲ

"ಎಲ್ಲಿಯಾದರೂ ಸರಿ, ಕಟ್ಟುನಿಟ್ಟಾದ ಜಾಗಕ್ಕೆ ಸೇರಿಸಿಬಿಡಿ ಫಾದರ್." ಮಗನು ಮಾದಕ ವಸ್ತುವಿನ ಚಟಕ್ಕೆ ಬಿದ್ದನೆಂದು ತಿಳಿದ ತಂದೆತಾಯಂದಿರು ನಮ್ಮಲ್ಲಿ ಮೊದಲು ಆಡುವ ಮಾತು ಇದು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಅಂತಹ ಜಾಗದಲ್ಲಿ ಇದ್ದು ಬಂದವರ ಅನುಭವವೇನೆಂದು ಕೇಳುವವರು ವಿರಳ.

ಬನ್ನೂರು ಕಡೆಯ ಯುವಕನೊಬ್ಬನು ತನ್ನ ಹದಿನಾರನೆಯ ವಯಸ್ಸಿನ ಆ ದಿನಗಳನ್ನು ಈಚೆಗೆ ನಮ್ಮೊಡನೆ ನೆನೆದುಕೊಂಡನು. ನಾಲೆಯ ಏರಿಯ ಮೇಲೆ ಗೆಳೆಯರೊಡನೆ ಸೇದಿದ ಗಾಂಜಾ ವರ್ಷದೊಳಗೆ ಅವನ ಓದನ್ನು ಕೆಡಿಸಿತ್ತು. ಮನೆಯ ಹಣ ಮಾಯವಾಗತೊಡಗಿತ್ತು. ಒಂದು ಬೆಳಗಿನ ಜಾವ ಅಪರಿಚಿತರು ಬಂದು ಅವನನ್ನು ದೂರದ ಕೇಂದ್ರವೊಂದಕ್ಕೆ ಕೊಂಡೊಯ್ದರು. ತಲೆ ಬೋಳಿಸಿದರು. ಐದು ಗಂಟೆಗೆ ಏಳುವುದು, ಗಂಟೆಗಟ್ಟಲೆ ನೆಲದ ಮೇಲೆ ಸಾಲಾಗಿ ಕುಳಿತಿರುವುದು, ಒಬ್ಬನು ತಪ್ಪಿದರೆ ಎಲ್ಲರಿಗೂ ಶಿಕ್ಷೆ. ಮನೆಗೆ ಬರೆದ ಕಾಗದವನ್ನು ಮೇಲ್ವಿಚಾರಕರು ಓದಿಯೇ ಕಳುಹಿಸುತ್ತಿದ್ದರು. ಹೀಗೆ ಆರು ತಿಂಗಳು.

ಅವನು ಆ ಕೇಂದ್ರವನ್ನು ಬರಿದೇ ದೂಷಿಸಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ನಿದ್ರೆ ದೊರೆತು ದೇಹ ಚೇತರಿಸಿಕೊಂಡಿತೆಂದನು. ಆದರೆ ಅವನ ಒಂದು ಮಾತು ನಮ್ಮ ಮನಸ್ಸಿನಲ್ಲಿ ನಾಟಿದೆ: "ಅಲ್ಲಿ ನಾನು ಕಲಿತದ್ದು ಚಟ ಬಿಡುವುದನ್ನಲ್ಲ ಫಾದರ್, ಬಿಟ್ಟವನ ಹಾಗೆ ಮಾತಾಡುವುದನ್ನು." ಮನೆಗೆ ಮರಳಿದ ಮೂರನೆಯ ವಾರ ಅವನು ಮತ್ತೆ ನಾಲೆಯ ಏರಿಯ ಮೇಲಿದ್ದನು.

ಇದರಲ್ಲಿ ಆಶ್ಚರ್ಯವೇನಿದೆ? ಸದ್ಗುಣವು ಅಭ್ಯಾಸದಿಂದ ಬೆಳೆಯುತ್ತದೆಂದು ಅರಿಸ್ಟಾಟಲ್ ಬೋಧಿಸಿದನು. ಹೊರಗಿನ ಬಲಾತ್ಕಾರದಿಂದ ನಡೆದ ಕಾರ್ಯವು ಮಾಡಿದವನ ಸ್ವಇಚ್ಛೆಯದಲ್ಲವೆಂದೂ ಅವನೇ ಹೇಳಿದನು. ಬಲವಂತದ ದಿನಚರಿ ಕಾವಲುಗಾರನಿರುವವರೆಗೆ ನಡೆಯುತ್ತದೆ. ಕಾವಲು ತೆಗೆದ ದಿನ ಮನಸ್ಸು ಹಿಂದಿನ ಸ್ಥಳದಲ್ಲಿಯೇ ಇರುತ್ತದೆ.

ಹೊರದೇಶಗಳಲ್ಲಿಯೂ ಹೀಗೆ ಆಗಿದೆ. ಅಮೆರಿಕದ ಫ್ಲಾರಿಡಾದಲ್ಲಿ 1976ರಲ್ಲಿ ಆರಂಭವಾದ 'ಸ್ಟ್ರೇಟ್' ಸಂಸ್ಥೆ ಹದಿಹರೆಯದವರನ್ನು ಅತಿ ಕಠಿಣ ಕಟ್ಟುಪಾಡಿನಲ್ಲಿ ಇರಿಸುತ್ತಿತ್ತು. ಗಣ್ಯರ ಮೆಚ್ಚುಗೆಯೂ ಅದಕ್ಕಿತ್ತು. ತನ್ನನ್ನು ಅಕ್ರಮವಾಗಿ ಕೂಡಿಹಾಕಿದರೆಂದು ಯುವಕನೊಬ್ಬನು ಹೂಡಿದ ದಾವೆ 1983ರಲ್ಲಿ ಅವನ ಪರವಾಗಿ ತೀರ್ಮಾನವಾಯಿತು. 1993ರಲ್ಲಿ ಸಂಸ್ಥೆಯೇ ಮುಚ್ಚಿತು.

ಹಾಗೆಂದು ಮಗುವಿಗೆ ತಾನಾಗಿ ಬುದ್ಧಿ ಬರಲೆಂದು ಕಾಯುತ್ತ ಕುಳಿತುಕೊಳ್ಳುವುದು ಸರಿಯಲ್ಲ. ಚಿಕಿತ್ಸೆಗೆ ಕರೆದೊಯ್ಯುವುದು ಹೆತ್ತವರ ಕರ್ತವ್ಯ. ಆದರೆ ಕರೆದೊಯ್ಯುವುದು ಬೇರೆ, ಕೈತೊಳೆದುಕೊಳ್ಳುವುದು ಬೇರೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮನೋರೋಗಗಳಿಗೂ ಅನ್ವಯಿಸುತ್ತದೆ. ಅದರಂತೆ ಹದಿನೆಂಟರೊಳಗಿನವರನ್ನು ತಜ್ಞರ ಪರೀಕ್ಷೆಯ ನಂತರವೇ ದಾಖಲಿಸಿಕೊಳ್ಳಬೇಕು. ವಯಸ್ಕರಿಂದ ಬೇರೆಯಾಗಿ ಇರಿಸಬೇಕು. ಹೆತ್ತವರೋ ಅವರು ನೇಮಿಸಿದವರೋ ದಾಖಲಾತಿಯ ಅವಧಿಯುದ್ದಕ್ಕೂ ಜೊತೆಯಲ್ಲಿರಬೇಕು. ಸರಪಳಿಯಿಂದ ಕಟ್ಟುವುದು ನಿಷಿದ್ಧ. ಕೇಂದ್ರವನ್ನು ಆರಿಸುವ ಮೊದಲು ಕೇಳಿರಿ: ಇದು ನೋಂದಣಿಯಾಗಿದೆಯೇ? ಮನೋವೈದ್ಯರಿದ್ದಾರೆಯೇ? ಮಗುವನ್ನು ನಾವು ಕಾಣಬಹುದೇ? ಕಾಣಕೂಡದೆಂದರೆ ಅಲ್ಲಿಂದ ಹಿಂದಿರುಗಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 14446 ಎಂಬ ರಾಷ್ಟ್ರೀಯ ಸಹಾಯವಾಣಿ ಉಚಿತವಾಗಿದೆ.

ಆ ಯುವಕನು ಕೊನೆಗೆ ಚಟದಿಂದ ಹೊರಬಂದದ್ದು ಹೇಗೆ? ಮೈಸೂರಿನ ಮನೋವೈದ್ಯರೊಬ್ಬರು ಅವನ ಮಾತನ್ನು ಆಲಿಸಿದರು, ಬಳಿಕ ತಂದೆಯನ್ನು ಕರೆದು, "ನಿಮ್ಮ ಮನೆಯಲ್ಲಿ ಸಂಜೆ ಯಾರು ಕುಡಿಯುತ್ತಾರೆ?" ಎಂದು ಕೇಳಿದರು. ತಂದೆ ತಲೆ ತಗ್ಗಿಸಿದರು. ಅಂದಿನಿಂದ ಬಾಟಲಿ ಮನೆ ಸೇರಲಿಲ್ಲ. ಎರಡು ವರ್ಷ ತಿಂಗಳಿಗೊಮ್ಮೆ ತಂದೆ ಮಗ ಒಂದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿಬಂದರು. ನಡುವೆ ಎರಡು ಬಾರಿ ಮಗನು ಜಾರಿದನು. ತಂದೆ ಬಸ್ಸು ಹತ್ತುವುದನ್ನು ಬಿಡಲಿಲ್ಲ.

ಸುವಾರ್ತೆಯ ಸಾಮತಿಯಲ್ಲಿ ತಂದೆಯು ದೂರ ದೇಶಕ್ಕೆ ಹೋದ ಮಗನನ್ನು ಆಳುಗಳಿಂದ ಕಟ್ಟಿ ತರಿಸಲಿಲ್ಲ. ಅವನು ದೂರದಲ್ಲಿರುವಾಗಲೇ ಓಡಿಹೋಗಿ ಅಪ್ಪಿಕೊಂಡನು. ಮಗುವಿಗೆ ಶಿಸ್ತು ಬೇಕು, ನಿಜ. ಆದರೆ ಆ ಶಿಸ್ತಿಗೆ ಮನೆಯವರೆಲ್ಲರೂ ಒಳಪಟ್ಟಾಗ ಮಾತ್ರ ಅದು ಔಷಧವಾಗುತ್ತದೆ.