ನಿಂಬೆಯ ಉಪ್ಪಿನಕಾಯಿ: ಅದರ ಬಾಳಿಕೆಯ ತತ್ತ್ವ

ಕೆಲವು ಪದಾರ್ಥಗಳ ಹೆಸರಿನಲ್ಲಿಯೇ ಅವುಗಳ ಲಕ್ಷಣವೂ ಅಡಗಿರುತ್ತದೆ. ‘ಉಪ್ಪಿನಕಾಯಿ’ ಎಂಬುದು ಅಂಥದೊಂದು ಹೆಸರು. ಅದರಲ್ಲಿ ಖಾರದ ಪ್ರಸ್ತಾಪವಿಲ್ಲ, ಎಣ್ಣೆಯ ಸುಳಿವಿಲ್ಲ, ಸಾಸಿವೆ ಇಂಗುಗಳ ಮಾತಿಲ್ಲ. ಉಪ್ಪು ಮತ್ತು ಕಾಯಿ, ಇವೆರಡೇ ಇವೆ. ಮೆಣಸಿನಕಾಯಿಯಾದರೋ ಅಮೆರಿಕ ಖಂಡದ ಬೆಳೆ; ಅದು ಪೋರ್ಚುಗೀಸರ ಮೂಲಕ ನಮ್ಮ ದೇಶಕ್ಕೆ ಬಂದದ್ದು ೧೬ನೆಯ ಶತಮಾನದಲ್ಲಿ. ಕಾಯಿಯನ್ನು ಉಪ್ಪಿನಲ್ಲಿಟ್ಟು ಕಾಪಾಡುವ ವಿದ್ಯೆ ಅದಕ್ಕಿಂತ ಬಹು ಹಿಂದಿನದು. ಈ ಹಳೆಯ ವಿದ್ಯೆಯ ಹಿಂದಿರುವ ತತ್ತ್ವವೇನು, ಅದನ್ನು ಮರೆತರೆ ಆಗುವ ಹಾನಿ ಏನು ಎಂಬುದನ್ನು ನಿಂಬೆಹಣ್ಣಿನ ನಿದರ್ಶನದಿಂದ ತಿಳಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಕೇವಲ ರುಚಿಯದಲ್ಲ. ರಕ್ತದ ಒತ್ತಡಕ್ಕೆ ಅಂಜಿ ಈಚೆಗೆ ಅನೇಕ ಮನೆಗಳಲ್ಲಿ ಉಪ್ಪಿನಕಾಯಿಗೆ ಹಾಕುವ ಉಪ್ಪನ್ನೇ ಕಡಮೆ ಮಾಡುತ್ತಾರೆ. ಮಳೆಗಾಲದಲ್ಲಿ ಭರಣಿಯ ಮೇಲ್ಭಾಗಕ್ಕೆ ಬೂಷ್ಟು ಬರುತ್ತದೆ. ಆಗ ಕೆಲವರು ಮೇಲಿನದನ್ನು ತೆಗೆದುಹಾಕಿ ಕೆಳಗಿನದನ್ನು ಉಣ್ಣುತ್ತಾರೆ. ಕೆಲವರು ಭರಣಿಯನ್ನು ಮುಟ್ಟಿದವರ ಮೇಲೆ ತಪ್ಪು ಹೊರಿಸುತ್ತಾರೆ. ಈ ಎರಡೂ ಸರಿಯಲ್ಲ.

ತುಮಕೂರು, ಗುಬ್ಬಿ, ಕುಣಿಗಲ್ಲುಗಳು ಕಡಲಿನಿಂದ ಬಹುದೂರದ ಒಳನಾಡಿನ ಊರುಗಳು. ಕಡಲುಪ್ಪು ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಮೈಸೂರು ಸೀಮೆಯ ಉಪ್ಪಾರರು ಸವಳು ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ಇಂಗಿಸಿ ಮಣ್ಣುಪ್ಪನ್ನು ತಯಾರಿಸುತ್ತಿದ್ದರು. ಇಷ್ಟು ಶ್ರಮದಿಂದ ಒದಗುತ್ತಿದ್ದ ಉಪ್ಪನ್ನು ಹಿಂದಿನವರು ಭರಣಿಗೆ ಧಾರಾಳವಾಗಿ ಸುರಿದರೆಂದರೆ ಅದಕ್ಕೆ ಬಲವಾದ ಕಾರಣವಿರಲೇಬೇಕು.

ಆ ಕಾರಣವನ್ನು ಈಗ ನೋಡೋಣ. ನಿಂಬೆಯ ರಸದಲ್ಲಿ ಶೇಕಡಾ ೫ರಿಂದ ೮ರಷ್ಟು ಸಿಟ್ರಿಕ್ ಆಮ್ಲವಿರುತ್ತದೆ, ಅದರ ಪಿ.ಎಚ್. ಅಂಕ ಸುಮಾರು ೨ರಿಂದ ೨.೬. ಆಹಾರವನ್ನು ಪ್ರಾಣಾಪಾಯದ ವಿಷವನ್ನಾಗಿ ಮಾಡುವ ಬಾಟುಲಿನಮ್ ಎಂಬ ಏಕಾಣುಜೀವಿ ೪.೬ಕ್ಕಿಂತ ಕೆಳಗಿನ ಅಂಕದಲ್ಲಿ ಬೆಳೆಯಲಾರದು. ಆದುದರಿಂದ ನಿಂಬೆಗೆ ಹುಟ್ಟಿನಿಂದಲೇ ಒಂದು ರಕ್ಷಣೆಯಿದೆ. ಆದರೆ ಬೂಷ್ಟು ಮತ್ತು ಯೀಸ್ಟುಗಳಿಗೆ ಹುಳಿಯ ಭಯವಿಲ್ಲ. ಕೊಯ್ದಿಟ್ಟ ನಿಂಬೆಯ ಮೇಲೆ ಹಸುರು ಬೂಷ್ಟು ಬೆಳೆಯುವುದನ್ನು ನಾವು ಕಂಡಿದ್ದೇವೆ. ಇವುಗಳನ್ನು ತಡೆಯಲು ಉಪ್ಪು ಬೇಕು.

ಉಪ್ಪು ಅಭಿಸರಣ ಕ್ರಿಯೆಯಿಂದ ಹೋಳುಗಳೊಳಗಿನ ರಸವನ್ನು ಹೊರಕ್ಕೆಳೆದು ಅದರಲ್ಲಿ ಕರಗುತ್ತದೆ. ಹೀಗೆ ಉಪ್ಪಿಗೆ ಅಂಟಿಕೊಂಡ ನೀರು ಕಣ್ಣಿಗೆ ಕಂಡರೂ ಸೂಕ್ಷ್ಮಜೀವಿಗಳಿಗೆ ದಕ್ಕುವುದಿಲ್ಲ. ಕೆರೆ ತುಂಬಿದ್ದರೂ ತೂಬು ಮುಚ್ಚಿದ್ದರೆ ಕೆಳಗಿನ ಗದ್ದೆ ಒಣಗುವಂತೆ, ರಸದ ನಡುವೆಯೇ ಅವು ನೀರಿಗೆ ಬಾಯಾರುತ್ತವೆ. ಇಷ್ಟಾದರೂ ಕೆಲವು ಜಾತಿಯ ಬೂಷ್ಟುಗಳು ಹುಳಿಯನ್ನೂ ಉಪ್ಪನ್ನೂ ತಾಳಿಕೊಳ್ಳಬಲ್ಲವು. ಆದರೆ ಗಾಳಿಯಿಲ್ಲದೆ ಅವು ಬೆಳೆಯಲಾರವು. ಆದುದರಿಂದ ಹೋಳುಗಳು ರಸದಲ್ಲಿ ಮುಳುಗಿರಬೇಕು. ಹುಳಿ, ಉಪ್ಪು, ಗಾಳಿಯ ತಡೆ ಎಂಬ ಈ ಮೂರು ಸುತ್ತಿನ ಕೋಟೆಯಲ್ಲಿ ಒಂದು ಬಿರುಕು ಬಿಟ್ಟರೂ ಉಪ್ಪಿನಕಾಯಿ ಕೆಡುತ್ತದೆ.

ಇನ್ನು ಮಾಡುವ ಕ್ರಮ. ಶಿವರಾತ್ರಿ ಕಳೆದು ಬಿಸಿಲು ಬಲಿತ ಕಾಲ ಇದಕ್ಕೆ ತಕ್ಕದ್ದು. ಗಾಯವಿಲ್ಲದ, ತೆಳು ಸಿಪ್ಪೆಯ, ಹಳದಿಗೆ ತಿರುಗಿದ ಹಣ್ಣುಗಳನ್ನು ಆರಿಸಿ, ತೊಳೆದು, ಬಟ್ಟೆಯಿಂದ ಒರೆಸಿ, ತೇವವಿಲ್ಲದಂತೆ ಪೂರ್ತಿ ಆರಿಸಬೇಕು. ಒಂದು ಕಿಲೋಗ್ರಾಂ ಹಣ್ಣಿಗೆ ೨೦೦ ಗ್ರಾಂ ಉಪ್ಪು ಬೇಕು. ಉಪ್ಪನ್ನು ತೂಗಿಯೇ ಹಾಕುವುದು ಲೇಸು. ಹರಳುಪ್ಪಿನ ನಡುವೆ ಸಂದುಗಳಿರುವುದರಿಂದ ಒಂದು ಪಾವು ಹರಳುಪ್ಪು ಒಂದು ಪಾವು ಪುಡಿಯುಪ್ಪಿಗಿಂತ ಹಗುರ. ಅಳತೆಯನ್ನು ನಂಬಿದರೆ ಮೋಸಹೋಗುತ್ತೇವೆ. ಹೋಳುಗಳಿಗೆ ಉಪ್ಪನ್ನೂ ಸ್ವಲ್ಪ ಅರಿಸಿನವನ್ನೂ ಬೆರಸಿ, ಒಣಗಿದ ಪಿಂಗಾಣಿ ಭರಣಿಯಲ್ಲಿಯೋ ಗಾಜಿನ ಜಾಡಿಯಲ್ಲಿಯೋ ಒತ್ತಿ ತುಂಬಬೇಕು. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಮ್ ಪಾತ್ರೆಗಳನ್ನು ಹುಳಿಯೂ ಉಪ್ಪೂ ಕೂಡಿ ತಿನ್ನುವುದರಿಂದ ಅವು ಸಲ್ಲವು.

ಎರಡು ಮೂರು ದಿನಗಳಲ್ಲಿ ರಸ ಬಿಡುತ್ತದೆ. ಅದು ಹೋಳುಗಳನ್ನು ಮುಚ್ಚದಿದ್ದರೆ ಇನ್ನೆರಡು ಹಣ್ಣಿನ ರಸವನ್ನು, ಅದರ ಪಾಲಿನ ಉಪ್ಪಿನೊಡನೆ, ಹಿಂಡಿ ಸೇರಿಸಬೇಕು. ನೀರನ್ನು ಮಾತ್ರ ಸೇರಿಸಲಾಗದು. ಮೂರು ನಾಲ್ಕು ವಾರ ದಿನಕ್ಕೊಮ್ಮೆ ಭರಣಿಯನ್ನು ಕುಲುಕುವುದು ನಮ್ಮ ಮನೆಗಳ ಪದ್ಧತಿ. ಇದರಿಂದ ತೇಲುವ ಹೋಳುಗಳೂ ಉಪ್ಪುರಸದಲ್ಲಿ ತೊಯ್ಯುತ್ತವೆ. ಬೂಷ್ಟಿಗೆ ನೆಲೆ ಸಿಕ್ಕುವುದಿಲ್ಲ. ಸಿಪ್ಪೆ ಮೆತ್ತಗಾದ ಮೇಲೆ ಖಾರದ ಪುಡಿ, ಮೆಂತ್ಯ, ಒಗ್ಗರಣೆಗಳು ಅವರವರ ಇಚ್ಛೆ. ದೂರದ ಮೊರಾಕೊ ದೇಶದವರು ನಿಂಬೆಯನ್ನು ಬುಡ ಬಿಡದಂತೆ ನಾಲ್ಕಾಗಿ ಸೀಳಿ, ಉಪ್ಪು ತುಂಬಿ, ರಸ ಮೇಲೇರುವವರೆಗೆ ಒತ್ತಿಡುತ್ತಾರೆ. ಎರಡು ನಾಡುಗಳ ರುಚಿ ಬೇರೆ, ತತ್ತ್ವ ಒಂದೇ.

ಮಳೆಗಾಲದಲ್ಲಿ ಎಚ್ಚರ ಹೆಚ್ಚು ಬೇಕು. ಗಾಳಿಯ ಆರ್ದ್ರತೆ ಶೇಕಡಾ ೭೫ನ್ನು ಮೀರಿದಾಗ ಉಪ್ಪು ತಾನೇ ತೇವವನ್ನು ಹೀರಿ ನೀರಾಗುತ್ತದೆ. ಭರಣಿಯ ಕುತ್ತಿಗೆಗೆ ಅಂಟಿದ ಉಪ್ಪು ಹೀಗೆ ಕರಗಿದರೆ ಅಲ್ಲಿ ಬೂಷ್ಟಿಗೆ ಆಸರೆ ದೊರೆಯುತ್ತದೆ. ಆದುದರಿಂದ ಕುತ್ತಿಗೆಯನ್ನು ಒಣಬಟ್ಟೆಯಿಂದ ಒರೆಸಿ, ಬಾಯನ್ನು ಬಿಗಿಯಾಗಿ ಮುಚ್ಚಬೇಕು. ವಾರಕ್ಕೆ ಬೇಕಾದಷ್ಟನ್ನು ಸಣ್ಣ ಜಾಡಿಗೆ ತೆಗೆದಿಟ್ಟು, ದೊಡ್ಡದನ್ನು ಮತ್ತೆ ಮತ್ತೆ ತೆರೆಯದಿರಬೇಕು.

ಉಪ್ಪಿನ ಪ್ರಮಾಣಕ್ಕೆ ಮರಳೋಣ. ಮೇಲಿನ ಲೆಕ್ಕದಂತೆ ೧೨೦೦ ಗ್ರಾಂ ಉಪ್ಪಿನಕಾಯಿಯಲ್ಲಿ ೨೦೦ ಗ್ರಾಂ ಉಪ್ಪಿದೆ. ಎಂದರೆ ೬ ಗ್ರಾಂ ತೂಕದ ಒಂದು ಹೋಳಿನಲ್ಲಿ ಸುಮಾರು ಒಂದು ಗ್ರಾಂ. ವಯಸ್ಕರು ದಿನಕ್ಕೆ ೫ ಗ್ರಾಂಗಿಂತ ಕಡಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದೇ ಹೋಳು ಆ ಮಿತಿಯ ಐದನೆಯ ಒಂದು ಪಾಲನ್ನು ತೆಗೆದುಕೊಳ್ಳುತ್ತದೆ. ಹಾಗಾದರೆ ಉಪ್ಪಿಗೆ ಅಂಜುವವರು ಮಾಡಬೇಕಾದದ್ದೇನು? ಉಪ್ಪನ್ನು ಎಲೆಯ ಮೇಲೆ ಕಡಮೆ ಮಾಡಬೇಕು, ಭರಣಿಯಲ್ಲಿ ಮಾಡಬಾರದು. ಊಟದೆಲೆಯ ತುದಿಯಲ್ಲಿ ಒಂದಿಷ್ಟೇ ಬಡಿಸುವ ನಮ್ಮ ಹಿರಿಯರ ವಾಡಿಕೆ ಇಲ್ಲಿ ವಿವೇಕದ್ದಾಗಿದೆ. ವೈದ್ಯರು ಉಪ್ಪನ್ನು ನಿಷೇಧಿಸಿದವರು ಉಪ್ಪಿನಕಾಯಿಯನ್ನು ಬಿಡುವುದೇ ಸರಿ. ಇಲ್ಲವೇ ಉಪ್ಪು ಕಡಮೆಯಿರುವುದನ್ನು ಸ್ವಲ್ಪವೇ ಮಾಡಿ, ಶೀತಪೆಟ್ಟಿಗೆಯಲ್ಲಿಟ್ಟು ಬೇಗ ಮುಗಿಸಬೇಕು.

ಹಿರಿಯರ ವಾಡಿಕೆಗಳೆಲ್ಲವೂ ಹೀಗೆ ಪರೀಕ್ಷೆಗೆ ನಿಲ್ಲುವುದಿಲ್ಲ. ಒದ್ದೆ ಕೈ ತಗಲಬಾರದೆಂಬುದು ನಿಲ್ಲುತ್ತದೆ. ಒಂದು ಹನಿ ನೀರು ಬಿದ್ದ ಕಡೆ ಉಪ್ಪು ತೆಳುವಾಗುತ್ತದೆ. ಆದರೆ ಮುಟ್ಟಾದ ಹೆಂಗಸು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆಂಬ ಮಾತಿಗೆ ಯಾವ ಆಧಾರವೂ ಇಲ್ಲ. ಈ ಮಾತನ್ನು ಕೇಳಿ ನೊಂದುಕೊಳ್ಳದ ವಿದ್ಯಾರ್ಥಿನಿಯರು ನಮ್ಮ ತರಗತಿಗಳಲ್ಲಿ ವಿರಳ. ಮೇಲೆ ಹೇಳಿದ ಕಾರಣಗಳಲ್ಲಿ ಮುಟ್ಟಿದವರು ಯಾರೆಂಬುದಕ್ಕೆ ಎಡೆಯೇ ಇಲ್ಲ. ಕೈ ಒಣಗಿದೆಯೇ, ಚಮಚ ಶುದ್ಧವಾಗಿದೆಯೇ ಎಂಬಷ್ಟೇ ಪ್ರಶ್ನೆ. ಕೆಟ್ಟ ಭರಣಿಯ ತಪ್ಪನ್ನು ಮನೆಯ ಹುಡುಗಿಯ ಮೇಲೆ ಹೊರಿಸುವವರು ತೇವವನ್ನೂ ಗಾಳಿಯನ್ನೂ ಹುಡುಕಲಿ.

ಕಡೆಯದಾಗಿ, ಭರಣಿಯಲ್ಲಿ ಬಿಳಿದು ಕಂಡಾಗ ಹೇಗೆ ನಿರ್ಧರಿಸಬೇಕು? ಹಲ್ಲಿಗೆ ಕರಕರ ಎನ್ನುವ, ನೀರಿನಲ್ಲಿ ಕರಗುವ ಹರಳಾದರೆ ಅದು ಉಪ್ಪೇ; ದೋಷವಿಲ್ಲ. ಪೊರೆಯಂತೆ ಕೆನೆಗಟ್ಟಿದ್ದರೆ ಯೀಸ್ಟು. ಉಪ್ಪೋ ರಸವೋ ಸಾಲದೆಂಬುದಕ್ಕೆ ಅದು ಗುರುತು. ನೂಲುನೂಲಾಗಿ, ಹಸುರಾಗಿಯೋ ಕಪ್ಪಾಗಿಯೋ ಬೆಳೆದಿದ್ದರೆ ಬೂಷ್ಟು. ಬೂಷ್ಟು ಆಮ್ಲವನ್ನೇ ತಿಂದು ಹುಳಿಯ ಬಲವನ್ನು ಕುಗ್ಗಿಸಬಲ್ಲದು. ಅದರ ಕೆಲವು ಜಾತಿಗಳು ವಿಷವನ್ನೂ ಸ್ರವಿಸುತ್ತವೆ. ಮೇಲೆ ಕೆರೆದು ಕೆಳಗಿನದನ್ನು ಉಳಿಸಿಕೊಳ್ಳುವ ಉಳಿತಾಯ ಇಲ್ಲಿ ಸಲ್ಲದು. ಅಂಥ ಭರಣಿಯನ್ನು ಪೂರ್ತಿ ಬರಿದುಮಾಡಿ, ಬಿಸಿನೀರಿನಿಂದ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಮುಂದಿನ ಬೇಸಗೆಗೆ ಸಿದ್ಧವಾಗಿಡುವುದೇ ಜಾಣತನ.