ಬಂದರಿನ ರೇಲ್ವೆ ಅಂಗಳದ ರಚನೆಯಲ್ಲಿ ಸಿಮ್ಯುಲೇಶನ್

ಬೈಲಹೊಂಗಲ, ಸವದತ್ತಿಗಳ ಎರೆನಾಡನ್ನು ಬಲ್ಲವರಿಗೆ, ಹತ್ತಿಯ ಸುಗ್ಗಿಯಲ್ಲಿ ಜಿನ್ನಿಂಗ್ ಗಿರಣಿಗಳ ಮುಂದೆ ನಿಲ್ಲುತ್ತಿದ್ದ ಚಕ್ಕಡಿಗಳ ಸಾಲು ಪರಿಚಿತವಾದುದು. ಗಿರಣಿಯ ಶಕ್ತಿ ದಿನದ ಆವಕಕ್ಕೆ ಸಾಕಾಗುವಷ್ಟಿದ್ದರೂ ಸಾಲು ತಪ್ಪದು. ಏಕೆಂದರೆ ಚಕ್ಕಡಿಗಳು ಗಡಿಯಾರ ನೋಡಿ ಒಂದೊಂದಾಗಿ ಬರುವುದಿಲ್ಲ. ಕಂಟೇನರ್ ಬಂದರಿನ ರೇಲ್ವೆ ಅಂಗಳವನ್ನು ರಚಿಸುವವರ ತೊಡಕೂ ಮೂಲತಃ ಇದೇ. ಆದರೆ ಎತ್ತುಗಳನ್ನು ಬಿಚ್ಚಿ ಬೇವಿನ ನೆರಳಿಗೆ ಕಟ್ಟಬಹುದು. 45 ವ್ಯಾಗನ್ನುಗಳ ಗಾಡಿಗೆ ಆ ಅನುಕೂಲವಿಲ್ಲ. ವ್ಯಾಗನ್ನಿಗೆ 20 ಅಡಿಯ ಎರಡು ಪೆಟ್ಟಿಗೆಗಳಂತೆ 90 ಪೆಟ್ಟಿಗೆಗಳನ್ನು ಹೊತ್ತ ಅದು, ಹಳಿ ತೆರವಾಗುವವರೆಗೆ ಹಿಂದಿನ ಗಾಡಿಗಳನ್ನೂ ತಡೆಯುತ್ತದೆ.

ಒಂದು ಕಲ್ಪಿತ ಅಂಗಳವನ್ನು ತೆಗೆದುಕೊಳ್ಳೋಣ. ದಿನಕ್ಕೆ ಸರಾಸರಿ 4 ಗಾಡಿಗಳು ಬರುತ್ತವೆ, ಪ್ರತಿಯೊಂದನ್ನು ಇಳಿಸಿ ತುಂಬಲು 5 ಗಂಟೆ ಬೇಕು, ಹಳಿ ಒಂದೇ. ದಿನಕ್ಕೆ 20 ಗಂಟೆಯ ಕೆಲಸವಾಯಿತು, 4 ಗಂಟೆ ಬಿಡುವೂ ಉಳಿಯಿತು. ಸರಾಸರಿಯನ್ನಷ್ಟೇ ನಂಬಿದವನು ಇಷ್ಟಕ್ಕೆ ತೃಪ್ತನಾಗುವನು. ಆದರೆ ಗಾಡಿಗಳು ಯದೃಚ್ಛೆಯಿಂದ ಬರುವುದಾದರೆ, ಪ್ರತಿ ಗಾಡಿಯೂ ಸರಾಸರಿ ಹನ್ನೆರಡೂವರೆ ಗಂಟೆ ಕಾಯಬೇಕಾಗುತ್ತದೆ! ಕೆಲಸದ ಅವಧಿಯನ್ನು 4 ಗಂಟೆಗೆ ಇಳಿಸಿದರೆ ಕಾಯುವಿಕೆಯೂ 4 ಗಂಟೆಗೆ ಇಳಿಯುತ್ತದೆ. ಒಂದು ಗಂಟೆಯ ಉಳಿತಾಯದಿಂದ ಎಂಟೂವರೆ ಗಂಟೆಯ ಲಾಭ.

1909ರಲ್ಲಿ ಡೆನ್ಮಾರ್ಕಿನ ಎರ್ಲಾಂಗರು ಟೆಲಿಫೋನ್ ಕರೆಗಳನ್ನು ಕುರಿತು ಆರಂಭಿಸಿದ ಸರತಿಯ ಗಣಿತವು ನಮಗೆ ಇಷ್ಟನ್ನು ಸೂತ್ರರೂಪದಲ್ಲಿಯೇ ಒದಗಿಸುತ್ತದೆ. ವಾಸ್ತವದ ಬಂದರು ಸೂತ್ರಕ್ಕೆ ಸಿಗುವಂಥದಲ್ಲ. ಹಡಗೊಂದು ಒಮ್ಮೆಲೇ ನೂರಾರು ಪೆಟ್ಟಿಗೆಗಳನ್ನು ಇಳಿಸುತ್ತದೆ, ಬೇಕಾದ ಪೆಟ್ಟಿಗೆ ರಾಶಿಯ ತಳದಲ್ಲಿರುತ್ತದೆ, ಕ್ರೇನು ಕೆಡುತ್ತದೆ, ಎಂಜಿನ್ನು ತಡವಾಗುತ್ತದೆ. ಇಲ್ಲಿಯೇ ಸಿಮ್ಯುಲೇಶನ್, ಎಂದರೆ ಅನುಕೃತಿಯ ಗಣನೆ, ನೆರವಿಗೆ ಬರುವುದು. ಗಣಕಯಂತ್ರದೊಳಗೆ ಒಂದು ಗಡಿಯಾರವನ್ನು ನಡೆಸಿ, ಪ್ರತಿಯೊಂದು ಆಗಮನವನ್ನೂ ವಿಳಂಬವನ್ನೂ ಚೀಟಿ ಎತ್ತಿದಂತೆ ಆರಿಸುತ್ತ, ಒಂದು ವರ್ಷದ ವಹಿವಾಟನ್ನು ಕೆಲವೇ ನಿಮಿಷಗಳಲ್ಲಿ ಆಡಿಸಿ ನೋಡುತ್ತಾರೆ. ಒಂದು ಆಟದಿಂದ ಏನೂ ಸಿದ್ಧವಾಗದು. ನೂರಾರು ಸಲ ಆಡಿಸಬೇಕು.

ನಮ್ಮ ರಾಜ್ಯದಲ್ಲಿ ಇದಕ್ಕೆ ತಕ್ಕ ಉದಾಹರಣೆ 1974ರಲ್ಲಿ ಮಹಾಬಂದರವೆಂದು ಘೋಷಿತವಾದ ನವಮಂಗಳೂರು. ಹಾಸನದ ಕಡೆಯಿಂದ ಅಲ್ಲಿಗೆ ಬರುವ ಗಾಡಿಗಳು ಸಕಲೇಶಪುರ-ಸುಬ್ರಹ್ಮಣ್ಯ ರಸ್ತೆ ನಡುವಣ ಸುಮಾರು 55 ಕಿಲೋಮೀಟರುಗಳ ಘಟ್ಟವನ್ನು ಇಳಿಯಬೇಕು. ಏರಿಳಿತ 50ಕ್ಕೆ 1. ಮೀಟರ್ ಗೇಜ್ ಹೋಗಿ 2006ರಲ್ಲಿ ಬ್ರಾಡ್ ಗೇಜ್ ಮೇಲೆ ಸರಕು ಸಾಗತೊಡಗಿತಾದರೂ ಘಟ್ಟದ ಕಡಿದು ಹಾಗೆಯೇ ಉಳಿದಿದೆ. 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಗುಡ್ಡ ಕುಸಿದು ಮಾರ್ಗ ಮುಚ್ಚಿತು. ಇಂಥ ಮುಚ್ಚುಗಡೆಯ ಅನಂತರ ತಡೆದಿದ್ದ ಗಾಡಿಗಳು ಒಟ್ಟಾಗಿ ಇಳಿದು ಬಂದರೆ ಪಣಂಬೂರಿನಲ್ಲಿ ಏನಾದೀತು? ಇನ್ನೊಂದು ಹಳಿ ಹಾಕಬೇಕೆ, ಕ್ರೇನು ಕೊಳ್ಳಬೇಕೆ, ಪೆಟ್ಟಿಗೆ ಪೇರಿಸುವ ನೆಲವನ್ನು ಹಿಗ್ಗಿಸಬೇಕೆ? ಕಾಂಕ್ರೀಟಿನಲ್ಲಿ ಹೂತ ಹಳಿಯನ್ನು ಮರುವರ್ಷ ಕಿತ್ತು ಸರಿಸಲಾಗದು. ಗಣಕದಲ್ಲಾದರೆ ಮೂರನ್ನೂ ಮೊದಲೇ ಹಾಕಿ ನೋಡಬಹುದು. ಘಟ್ಟವನ್ನು ಬಿಟ್ಟು ಬಂದರಿನ ಬೇಲಿಯೊಳಗಿನದನ್ನಷ್ಟೇ ಅನುಕರಿಸುವ ಮಾದರಿಗೆ ನಮ್ಮ ದೃಷ್ಟಿಯಲ್ಲಿ ಬೆಲೆಯಿಲ್ಲ. ಕಳೆದ ಒಂದು ವರ್ಷದ ದಾಖಲೆಯನ್ನು ಅದು ಮೊದಲು ಮರಳಿ ತೋರಿಸಬೇಕು; ಅದಕ್ಕೆ ಪ್ರತಿ ಗಾಡಿ ಬಂದ ಹೊತ್ತನ್ನೂ ಬಿಟ್ಟ ಹೊತ್ತನ್ನೂ ಮಳೆಗಾಲ ಬೇಸಿಗೆಗಳೆನ್ನದೆ ಬರೆದಿಟ್ಟ ಲೆಕ್ಕ ಬೇಕು.