ಕಾಡಿನ ಹಾದಿಯಲ್ಲಿ ಕ್ಯಾಮೆರಾ: ಹೂವು ಗಿಡದಲ್ಲೇ ಉಳಿಯಲಿ

ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತ ಶ್ರೇಣಿಯ ಇಳಿಜಾರುಗಳು 2022ರ ಸೆಪ್ಟೆಂಬರ್ ಹೊತ್ತಿಗೆ ನೀಲಿ ಬಣ್ಣ ತಳೆದಿದ್ದವು. ಕುರಿಂಜಿ ಅರಳಿದ ಸುದ್ದಿ ಹರಡಿದ್ದೇ ತಡ, ಮುಳ್ಳಯ್ಯನಗಿರಿಯ ಕಿರಿದಾದ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತವು. ಬಂದವರ ಕೈಯಲ್ಲಿ ಕ್ಯಾಮೆರಾ, ಇಲ್ಲವೇ ಮೊಬೈಲ್. ಅಪರೂಪದ ಹೂವನ್ನು ಕಾಣುವ, ಅದರ ಚಿತ್ರ ತೆಗೆಯುವ ಆಸೆ ಸಹಜವಾದುದೇ. ಆದರೆ ಹೂಗಳ ನಡುವೆ ನಿಲ್ಲಲೆಂದು ಹುಲ್ಲಿನೊಳಗೆ ಇಡುವ ಪ್ರತಿ ಹೆಜ್ಜೆಗೂ ಒಂದು ಬೆಲೆಯಿದೆ. ಅದನ್ನು ತೆರುವುದು ಛಾಯಾಗ್ರಾಹಕನಲ್ಲ, ಗಿಡ.

ಹನ್ನೆರಡು ವರ್ಷದ ಗಳಿಕೆ

ನೀಲಕುರಿಂಜಿ ಸುಮಾರು 12 ವರ್ಷಗಳಿಗೊಮ್ಮೆ ಹೂ ಬಿಡುವ ಪೊದೆ. ಅಷ್ಟೂ ವರ್ಷ ಕೂಡಿಟ್ಟ ಶಕ್ತಿಯನ್ನು ಒಂದೇ ಬಾರಿಗೆ ಹೂವಿಗೆ ವ್ಯಯಿಸಿ, ಬೀಜ ಕಟ್ಟಿ, ಬಳಿಕ ಗಿಡ ಒಣಗಿ ಸಾಯುತ್ತದೆ. ಮರುವರ್ಷ ಮತ್ತೆ ಅರಳುವ ಅವಕಾಶ ಅದಕ್ಕಿಲ್ಲ. ಬೀಜ ಬಲಿಯುವ ಮುನ್ನವೇ ಗಿಡವನ್ನು ತುಳಿದರೆ ಅಥವಾ ಕೊಂಬೆಗಳನ್ನು ಮುರಿದರೆ ಹನ್ನೆರಡು ವರ್ಷದ ಗಳಿಕೆಯೂ ಮುಂದಿನ ಪೀಳಿಗೆಯೂ ಒಟ್ಟಿಗೆ ನಷ್ಟವಾಗುತ್ತವೆ.

ಈ ಕಾರಣದಿಂದಲೇ ಕಾನೂನು ಕೂಡ ಬಿಗಿಯಾಗಿದೆ. 2022ರಲ್ಲಿ ತಿದ್ದುಪಡಿಗೊಂಡು 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೂರನೇ ಅನುಸೂಚಿಯಲ್ಲಿ ನೀಲಕುರಿಂಜಿಗೂ ಸ್ಥಾನ ದೊರೆತಿದೆ. ಅರಣ್ಯದಲ್ಲಿ ಅದನ್ನು ಕೀಳುವುದು, ಹಾನಿಗೊಳಿಸುವುದು ಶಿಕ್ಷಾರ್ಹ ಅಪರಾಧ.

ಪ್ರಶ್ನೆ ಒಂದು ಹೂವಿಗೆ ಸೀಮಿತವಲ್ಲ. ಶೋಲಾ ಕಾಡು ಮತ್ತು ಅದರ ಸುತ್ತಲಿನ ಹುಲ್ಲುಗಾವಲು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಹೊಳೆಗಳಿಗೆ ಬಿಟ್ಟುಕೊಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವುದು ಕುದುರೆಮುಖದ ಇಂಥ ನೆಲದಲ್ಲೇ. ಇಳಿಜಾರಿನಲ್ಲಿ ಹುಲ್ಲು ಸವೆದು ಹೊಸ ಕಾಲುದಾರಿ ಬಿದ್ದರೆ, ಮುಂದಿನ ಮಳೆಗೆ ಅದೇ ನೀರಿನ ಕಾಲುವೆಯಾಗಿ ಮೇಲ್ಮಣ್ಣು ಕೊಚ್ಚಿಹೋಗುತ್ತದೆ.

ಯಾವ ಕಾಲಕ್ಕೆ ಏನು?

ಕುರಿಂಜಿಗಾಗಿ ಹನ್ನೆರಡು ವರ್ಷ ಕಾಯಬೇಕಿಲ್ಲ. ಮಳೆಗಾಲ ಕಾಲಿಡುವ ಹೊತ್ತಿಗೆ ಮಲೆನಾಡಿನ ಮರಗಳ ಮೇಲೆ ಸೀತಾಳೆ ದಂಡೆ ತೂಗುತ್ತಿರುತ್ತದೆ. ಮಳೆ ಬಲವಾದಂತೆ ಒದ್ದೆ ಬಂಡೆಗಳ ಮೇಲೆ ಕರ್ಣಕುಂಡಲ ಜಾತಿಯ ಪುಟ್ಟ ಹೂಗಳೂ, ಅಂಟುಹನಿಗಳಿಂದ ಕೀಟ ಹಿಡಿಯುವ ಡ್ರೊಸೆರಾ ಸಸ್ಯಗಳೂ ಕಾಣಸಿಗುತ್ತವೆ. ಗೌರಿ ಹಬ್ಬದ ಸುಮಾರಿಗೆ ಬೇಲಿ, ಪೊದೆಗಳಲ್ಲಿ ಕೆಂಪು–ಹಳದಿಯ ಗೌರಿ ಹೂ ಅರಳುತ್ತದೆ. ಬೇಸಿಗೆ ಸಮೀಪಿಸುವಾಗ ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಮುತ್ತುಗದ ಸರದಿ. ಬೆಂಗಳೂರಿನ ಅಂಚಿನ ಹೆಸರಘಟ್ಟ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ದೂರದ ನಾಡುಗಳಿಂದ ಸೆಳೆವ ಎಂಬ ಬೇಟೆಹಕ್ಕಿಗಳು ವಲಸೆ ಬರುತ್ತವೆ.

ಹಾದಿ ಬಿಡದೆ ಚಿತ್ರ

ಒಳ್ಳೆಯ ಚಿತ್ರಕ್ಕೆ ಹೂವಿನ ಮಗ್ಗುಲಿಗೇ ಹೋಗಬೇಕೆಂಬುದು ತಪ್ಪು ಕಲ್ಪನೆ. 200 ಅಥವಾ 300 ಮಿ.ಮೀ. ಟೆಲಿ ಲೆನ್ಸ್ ಇದ್ದರೆ ಕಾಲುದಾರಿಯಲ್ಲಿ ನಿಂತೇ ಹೂವನ್ನು ಚೌಕಟ್ಟಿನ ತುಂಬ ತರಬಹುದು. ಹಿನ್ನೆಲೆ ಮಸುಕಾಗುವುದರಿಂದ ಹೂವು ಇನ್ನಷ್ಟು ಎದ್ದು ಕಾಣುತ್ತದೆ. ಮೊಬೈಲ್ ಮಾತ್ರ ಇರುವವರು ದಾರಿಯಂಚಿನ ಗಿಡವನ್ನೇ ಆರಿಸಿಕೊಂಡು, ಮಂಡಿಯೂರಿ ಹೂವಿನ ಮಟ್ಟಕ್ಕೆ ಇಳಿಯುವುದು ಲೇಸು. ನಿಂತು ಮೇಲಿನಿಂದ ತೆಗೆದ ಚಿತ್ರದಲ್ಲಿ ಬಹುಪಾಲು ನೆಲವೇ ಕಾಣುತ್ತದೆ.

ನಡುಹಗಲಿನ ಬಿಸಿಲಿಗಿಂತ ಮೋಡದ ಬೆಳಕು ಉತ್ತಮ. ಕಟುವಾದ ನೆರಳಿಲ್ಲದೆ ದಳದ ಬಣ್ಣ, ನರಗಳು ನಿಚ್ಚಳವಾಗಿ ಮೂಡುತ್ತವೆ. ಗಾಳಿ ಕಡಿಮೆ ಇರುವ ಮುಂಜಾವು ಪ್ರಶಸ್ತ. ಅಡ್ಡ ಬರುವ ಹುಲ್ಲನ್ನು ಕಿತ್ತೆಸೆಯುವುದು ಬೇಡ, ಕೈಯಿಂದ ಮೆಲ್ಲಗೆ ಬಾಗಿಸಿ ಹಿಡಿದು ಬಿಟ್ಟರಾಯಿತು. ಹೂವಿನ ಜತೆಗೆ ಎಲೆ, ಕಾಂಡ, ಇಡೀ ಗಿಡ ಹಾಗೂ ಸಾಧ್ಯವಾದರೆ ಕಾಯಿಯ ಚಿತ್ರವನ್ನೂ ತೆಗೆದರೆ, ಮನೆಗೆ ಬಂದ ಮೇಲೆ ಗುರುತು ಹಚ್ಚುವುದು ಸುಲಭವಾಗುತ್ತದೆ.

ಗೂಡಿನಿಂದ ದೂರ

ಗಿಡ ಓಡಿಹೋಗುವುದಿಲ್ಲ. ಪ್ರಾಣಿಪಕ್ಷಿಗಳ ವಿಷಯ ಬೇರೆ. ಗೂಡಿನ ಹತ್ತಿರ ಯಾರಾದರೂ ನಿಂತರೆ ತಾಯಿ ಹಕ್ಕಿ ಹಾರಿ ದೂರ ಕುಳಿತುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮೊಟ್ಟೆ ಬಿಸಿಲಿಗೆ ಕಾಯುತ್ತದೆ, ಕಾಗೆಯ ಕಣ್ಣಿಗೂ ಬೀಳುತ್ತದೆ. ನೆಲಗುಬ್ಬಿ, ಟಿಟ್ಟಿಭಗಳಂತಹ ಹಕ್ಕಿಗಳು ಬರಿನೆಲದಲ್ಲೇ ಮೊಟ್ಟೆಯಿಡುವುದರಿಂದ, ಹುಲ್ಲುಗಾವಲಿನೊಳಗೆ ವಾಹನ ನುಗ್ಗಿಸುವವರಿಗೆ ತಮ್ಮ ಚಕ್ರದಡಿ ಏನು ಸಿಕ್ಕಿತೆಂಬುದೂ ತಿಳಿಯುವುದಿಲ್ಲ. ಹಕ್ಕಿಗಳ, ಸರೀಸೃಪಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನು ಹಾಗೂ ಆಮಿಷವೊಡ್ಡಿ ಪ್ರಾಣಿಗಳನ್ನು ಸೆಳೆಯುವುದನ್ನು ವನ್ಯಜೀವಿ ಕಾಯಿದೆಯು 'ಬೇಟೆ'ಯ ವ್ಯಾಖ್ಯೆಯಲ್ಲೇ ಸೇರಿಸಿರುವುದು ಗಮನಾರ್ಹ.

ಕಾಡುಪಾಪದಂತಹ ನಿಶಾಚರಿಗಳ ದೊಡ್ಡ ಕಣ್ಣುಗಳು ಮಂದ ಬೆಳಕಿಗೆ ಹೊಂದಿಕೊಂಡಿರುವುದರಿಂದ ಅವುಗಳ ಮೇಲೆ ಫ್ಲಾಷ್ ಹಾಯಿಸಬಾರದು. ಕಪ್ಪೆಗಳನ್ನು ಕೈಯಲ್ಲಿ ಹಿಡಿಯುವುದೂ ಸಲ್ಲದು. ಚರ್ಮದ ಮೂಲಕವೂ ಉಸಿರಾಡುವ ಅವುಗಳಿಗೆ ನಮ್ಮ ಕೈಗೆ ಹಚ್ಚಿದ ಸೊಳ್ಳೆ ನಿವಾರಕವೇ ವಿಷವಾಗಬಹುದು. ಪ್ರಾಣಿ ಮೇಯುವುದನ್ನು ನಿಲ್ಲಿಸಿ ನಮ್ಮತ್ತ ದಿಟ್ಟಿಸಿತೆಂದರೆ ನಾವು ಅಗತ್ಯಕ್ಕಿಂತ ಹತ್ತಿರ ಬಂದಿದ್ದೇವೆ ಎಂದರ್ಥ. ಅಲ್ಲಿಂದ ಹಿಂದೆ ಸರಿಯುವುದೇ ವಿವೇಕ.

ಸ್ಥಳ ಬಯಲಾದರೆ

ಮೊಬೈಲ್‌ನಲ್ಲಿ ತೆಗೆದ ಚಿತ್ರದೊಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ, ರೇಖಾಂಶಗಳೂ ದಾಖಲಾಗಿರುವುದುಂಟು. ಅಪರೂಪದ ಸೀತಾಳೆ ಗಿಡ ಅಥವಾ ನಕ್ಷತ್ರ ಆಮೆಯ ಚಿತ್ರವನ್ನು ಹಾಗೆಯೇ ಹಂಚಿಕೊಂಡರೆ ಕಳ್ಳಸಾಗಣೆದಾರರಿಗೆ ನಾವೇ ದಾರಿ ತೋರಿಸಿದಂತೆ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಸ್ಥಳದ ಆಯ್ಕೆಯನ್ನು ನಿಷ್ಕ್ರಿಯಗೊಳಿಸುವುದು, ಊರಿನ ಬದಲು ಜಿಲ್ಲೆಯ ಹೆಸರನ್ನಷ್ಟೇ ಹೇಳುವುದು ಸುರಕ್ಷಿತ.

ಹಾಗೆಂದು ಚಿತ್ರವನ್ನು ಮುಚ್ಚಿಡಬೇಕಿಲ್ಲ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ನಂತಹ ತಾಣಗಳಿಗೆ ದಿನಾಂಕದೊಂದಿಗೆ ಸೇರಿಸಿದರೆ ಬಲ್ಲವರು ಗುರುತು ಹಚ್ಚಲು ನೆರವಾಗುತ್ತಾರೆ. ಯಾವ ಗಿಡ ಎಲ್ಲಿ, ಯಾವಾಗ ಅರಳಿತೆಂಬ ದಾಖಲೆ ಸಂಶೋಧಕರಿಗೂ ಒದಗುತ್ತದೆ. ಅಪಾಯದಲ್ಲಿರುವ ಜೀವಿಗಳ ನಿಖರ ಸ್ಥಳವನ್ನು ಐನ್ಯಾಚುರಲಿಸ್ಟ್ ತಾನಾಗಿಯೇ ಮರೆಮಾಡುತ್ತದೆ.

ಅನುಮತಿ ಮರೆಯದಿರಿ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಚಾರಣಿಗರು ಒಮ್ಮೆಗೇ ನೆರೆದ ಬಳಿಕ, ಆನ್‌ಲೈನ್ ಕಾಯ್ದಿರಿಸುವ ವ್ಯವಸ್ಥೆ ಇಲ್ಲದ ಚಾರಣಗಳನ್ನು ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಆರಂಭವಾಗಿ, ಚಾರಣ ಪಥವೊಂದಕ್ಕೆ ದಿನಕ್ಕೆ 300 ಮಂದಿಯ ಮಿತಿ ನಿಗದಿಯಾಯಿತು. ಕಾಳ್ಗಿಚ್ಚಿನ ಭೀತಿಯಿರುವ ಬೇಸಿಗೆಯಲ್ಲಿ ಹಲವು ಹಾದಿಗಳನ್ನು ಮುಚ್ಚುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಅಗತ್ಯ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಮೂಡಿಗೆರೆಯ ತಮ್ಮ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬೆನ್ನು ಹತ್ತಿದ ಕಾಲದಲ್ಲಿ ರೀಲಿನ ಒಂದೊಂದು ಚೌಕಟ್ಟಿಗೂ ದುಡ್ಡು ತೆರಬೇಕಿತ್ತು. ಹೀಗಾಗಿ ನೋಡುವುದು ಹೆಚ್ಚು, ಕ್ಲಿಕ್ಕಿಸುವುದು ಕಡಿಮೆ ಇತ್ತು. ಈಗ ಚಿತ್ರ ಅಗ್ಗವಾಗಿದೆ, ಹೂವು ಅಗ್ಗವಾಗಿಲ್ಲ. ನಾವು ಚಿತ್ರ ತೆಗೆದು ಬಂದ ಜಾಗದಲ್ಲಿ ಮರುದಿನ ಬರುವವರಿಗೂ ಅದೇ ಹೂವು ಸಿಗುವಂತಿದ್ದರೆ, ಆ ಚಿತ್ರ ಚೆನ್ನಾಗಿ ಬಂದಿದೆ ಎಂದೇ ಲೆಕ್ಕ.